ಫಾಸ್ಟರ್ ನಾಯಿಮರಿ (ಅಡಾಪ್ಟ್ ಆಗೋವರೆಗೆ ಮನೇಲಿಟ್ಟು ನೋಡ್ಕೊಳ್ಳೋ ಮರಿ) ರಾತ್ರಿಯೆಲ್ಲಾ ಅಳ್ತಿದೆ ಅಂದಿದ್ದಕ್ಕೆ

ಮೂರು ತಿಂಗಳ ಮರಿನ ಹಾಲ್‌ನಲ್ಲಿ ಒಂದನ್ನೇ ಬಿಟ್ಟು ಬಾಗಿಲು ಹಾಕ್ತೀರಿ ಅಂದ್ರಲ್ಲ, ಬಹುಶಃ ಅದೇ ಕಾರಣ, ಇಷ್ಟು ದಿನ ಬೇರೆ ಮರಿಗಳ ಮೈಗೆ ಮೈ ಒತ್ಕೊಂಡು ಮಲಗಿದ್ದಿದ್ದು ಈಗ ಒಂಟಿಯಾಗಿ ಹೆದರಿದೆ, ಹಠ ಅಲ್ಲ.

ಇವತ್ತು ರಟ್ಟಿನ ಡಬ್ಬಕ್ಕೆ ನಿಮ್ಮ ಹಳೇ ಟೀಶರ್ಟ್ ಹಾಸಿ (ಒಗೀಬೇಡಿ, ವಾಸನೆನೇ ಮುಖ್ಯ) ಮಂಚದ ಪಕ್ಕದಲ್ಲೇ ಇಡಿ. ಮಲಗೋ ಮುಂಚೆ ಉಚ್ಚೆ ಮಾಡಿಸಿ, ಆಮೇಲೆ ಮೂರು ಗಂಟೆಗೊಂದ್ಸಲ ಅಲಾರಂ ಇಟ್ಟು ಕರ್ಕೊಂಡ್ಹೋಗಿ, ಮಾತಾಡಿಸ್ಬೇಡಿ, ಆಟ ಶುರುವಾದ್ರೆ ಮುಗೀತು ಕಥೆ. ಕುಂಯ್‌ಗುಟ್ಟಿದ್ರೆ ಕೈ ಇಳಿಬಿಡಿ, ನಮ್ಮ ಮರಿ ಬೆರಳು ಮೂಸಿ ಅದರ ಮೇಲೇ ಗದ್ದ ಇಟ್ಟು ಮಲಗ್ತಿತ್ತು, ಕೈ ಜೋಮು ಹಿಡಿದ್ರೂ ಎಳ್ಕೊಳೋ ಹಾಗಿರ್ಲಿಲ್ಲ. ನಿದ್ದೆ ಸರಿಹೋದ್ಮೇಲೆ ಎರಡು ದಿನಕ್ಕೊಂದ್ಸಲ ಡಬ್ಬನ ಒಂದೊಂದಡಿ ಬಾಗಿಲ ಕಡೆ ಸರಿಸಿ. ಹಗಲು ಒಂದು ನಿಮಿಷ ಎರಡು ನಿಮಿಷ ಅಂತ ಒಂಟಿ ಬಿಟ್ಟು ರೂಢಿ ಮಾಡ್ಸಿ, ಅಡಾಪ್ಟ್ ಮಾಡೋರ ಮನೇಲಿ ಅದೇ ಕೆಲಸಕ್ಕೆ ಬರೋದು. ಎಷ್ಟು ದಿನ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ, ನಮ್ದಕ್ಕೆ ಐದು ರಾತ್ರಿ ಹಿಡೀತು.

ಆದ್ರೆ ಅಳು ಜೊತೆ ಊಟ ಬಿಟ್ಟಿದ್ರೆ, ವಾಂತಿ ಭೇದಿ ಇದ್ರೆ ಇದ್ಯಾವ್ದೂ ಬೇಡ, ಪಾರ್ವೊ (ಮರಿಗಳ ಜೀವಕ್ಕೇ ಅಪಾಯ ತರೋ ವೈರಸ್ ಕಾಯಿಲೆ) ಇರಬಹುದು, ಕಾಯದೆ ಆಗಲೇ ಡಾಕ್ಟರ್ ಹತ್ರ ಹೋಗಿ.