ಫೋಟೋದ ಹಿಂದಿನ ನೀಲಿ ಡ್ರಮ್ಮು

ಆಪ್ತ ಸಮಾಲೋಚನೆಗೆ ನನ್ನ ಬಳಿ ಬಂದ ಸುಮಾ ಮೊದಲ ದಿನ ಕುರ್ಚಿಯಲ್ಲಿ ಕೂತವರೇ ಮೊಬೈಲ್ ತೆಗೆದು ಎರಡು ಫೋಟೋ ತೋರಿಸಿದರು. (ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಒಂದು 2020ರದು. ಬೀಗಲ್ ತಳಿಯ ಎರಡು ನಾಯಿಮರಿಗಳು ಒಂದರ ಮೇಲೊಂದು ಕತ್ತು ಹಾಕಿ ಮಲಗಿವೆ. ಹಿಂದೆ ನೀಲಿ ಡ್ರಮ್ಮು, ಹಸಿರು ಬಲೆ. ಮಾರುವವನು ವಾಟ್ಸಾಪ್‌ನಲ್ಲಿ ಕಳಿಸಿದ್ದ ಆ ಫೋಟೋ ಐದು ವರ್ಷ ಅವರ ಮೊಬೈಲ್ ಪರದೆಯ ಮೇಲೇ ಇತ್ತು. ಇನ್ನೊಂದನ್ನು ಗೆಳತಿಯೊಬ್ಬರು ಕಳಿಸಿದ್ದರು. ಬೆಂಗಳೂರಿನ ಹೊರಗೆ, ಮಾರಾಟಕ್ಕೆಂದು ಮರಿ ಹಾಕಿಸುತ್ತಿದ್ದ ಒಂದು ಶೆಡ್ಡಿನಿಂದ ನಾಯಿಗಳನ್ನು ಬಿಡಿಸಿದಾಗ ತೆಗೆದದ್ದು. ಸಾಲಾಗಿ ಕಬ್ಬಿಣದ ಗೂಡುಗಳು. ಒಳಗೆ ಜೋತುಬಿದ್ದ ಮೊಲೆಗಳ ಹೆಣ್ಣು ನಾಯಿಗಳು. ಮೂಲೆಯಲ್ಲಿ ಅದೇ ಡ್ರಮ್ಮು. ಅದರ ಮೇಲಿನ ಬಿಳಿ ಬಣ್ಣದ ಗೀರು ಕೂಡ ಅದೇ.

"ಮೂರು ವಾರದಿಂದ ಅವೆರಡನ್ನೂ ಮುಟ್ಟೋಕೆ ಆಗ್ತಿಲ್ಲ" ಅಂದರು. ಆ ಮರಿಗಳೇ ಈಗ ದೊಡ್ಡವಾದ ಚಿನ್ನಿ, ರಾಜ. ಅವಕ್ಕೆ ಊಟ ಹಾಕುವುದು ಮಗಳ ಪಾಲಿಗೆ ಹೋಗಿದೆ. ಬೆಳಗಿನ ವಾಕಿಂಗ್ ನಿಂತಿದೆ. ಚಿನ್ನಿ ಬಂದು ಮಡಿಲಲ್ಲಿ ತಲೆ ಇಟ್ಟರೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ರಾಜ ಬಾಗಿಲ ಹೊರಗೆ ಕೂತು ಕಾಯುತ್ತಾನೆ. ಯಜಮಾನರು "ಮುಗಿದ ಕಥೆ, ಬಿಡು" ಅನ್ನುತ್ತಾರೆ. ಹದಿನಾರರ ಮಗಳು ಒಂದೇ ಮಾತು ಹೇಳಿದ್ದಾಳೆ: "ದುಡ್ಡು ಕೊಟ್ಟಿದ್ದು ನೀನೇ ಅಲ್ವಾ ಅಮ್ಮ?"

ಎದುರಿಗೆ ಕೂತು ಅಳುವವರಿಗೆ "ನಿಮ್ಮದೇನೂ ತಪ್ಪಿಲ್ಲ" ಅಂದುಬಿಡುವುದು ಸುಲಭ. ನಾನು ಹೇಳಲಿಲ್ಲ. ಹೇಳಿದ್ದರೆ ಅವರು ನಂಬುತ್ತಿರಲಿಲ್ಲ, ಮತ್ತೆ ಬರುತ್ತಲೂ ಇರಲಿಲ್ಲ. ಬದಲಿಗೆ ಮರಿ ತಂದ ದಿನವನ್ನು ಮೊದಲಿನಿಂದ ಹೇಳಿ ಅಂದೆ. ಲಾಕ್‌ಡೌನ್ ಕಾಲ. ಮಗಳು ಮನೆಯಲ್ಲಿ ಮಂಕಾಗಿದ್ದಳು. ಜಾಹೀರಾತಿನಲ್ಲಿ "ಮನೆಯಲ್ಲೇ ಬೆಳೆಸಿದ ಮರಿ" ಅಂತ ಇತ್ತು. ಆತ ರಿಂಗ್ ರೋಡಿನ ಒಂದು ಪೆಟ್ರೋಲ್ ಬಂಕ್ ಹತ್ತಿರ ಬರಹೇಳಿ, ರಟ್ಟಿನ ಡಬ್ಬದಲ್ಲಿ ಮರಿ ಕೊಟ್ಟ. ತಾಯಿ ಎಲ್ಲಿ ಎಂದು ಇವರು ಕೇಳಿದ್ದರು. "ಕೊರೋನಾ ಮೇಡಂ, ಮನೆಗೆ ಯಾರನ್ನೂ ಬಿಡ್ತಿಲ್ಲ" ಅಂದನಂತೆ.

"ಆಗ ನಿಮಗೆ ಏನನ್ನಿಸಿತು?"

ತುಂಬ ಹೊತ್ತು ಸುಮ್ಮನಿದ್ದರು. "ಏನೋ ಸರಿಯಿಲ್ಲ ಅನ್ನಿಸ್ತು. ಆದ್ರೆ ಮರಿ ಕೈಗೆ ಬಂದಾಗಿತ್ತು."

ಅವರ ನಿದ್ದೆ ಕೆಡಿಸಿದ್ದು ಈ ಒಂದು ಕ್ಷಣ. ಮೋಸ ಹೋದೆ ಎಂಬ ಸಿಟ್ಟಿನ ಕೆಳಗೆ, ಅನುಮಾನ ಬಂದರೂ ಸುಮ್ಮನಾದೆ ಎಂಬ ನಾಚಿಕೆ ಇತ್ತು. ಅದು ನಿಜ ಎಂದು ನಾನೂ ಒಪ್ಪಿಕೊಂಡೆ. ಆದರೆ ಆ ಶೆಡ್ಡು ಕಟ್ಟಿದವರು ನೀವಲ್ಲ, ಸುಳ್ಳು ಹೇಳಿ ಮಾರಿದವರೂ ನೀವಲ್ಲ ಎಂದೂ ಹೇಳಿದೆ. ನಿಮ್ಮ ಪಾಲಿನದು ಎಷ್ಟಿದೆಯೋ ಅಷ್ಟನ್ನೇ ಹೊರಿ. ಈಗ ಎಲ್ಲರ ಪಾಲೂ ನೀವೇ ಹೊತ್ತಿದ್ದೀರಿ, ಅದರ ಭಾರ ಬೀಳುತ್ತಿರುವುದು ಚಿನ್ನಿ, ರಾಜನ ಮೇಲೆ. ಅಷ್ಟು ಕೆಟ್ಟ ಜಾಗದಿಂದ ಬಂದ ಆ ಎರಡು ಜೀವಗಳಿಗೆ ಸಿಕ್ಕ ಒಂದೇ ಒಳ್ಳೆಯದು ನಿಮ್ಮ ಮಡಿಲು. ಈಗ ಅದೂ ಇಲ್ಲ.

ಆಗ ಜೋರಾಗಿ ಅತ್ತರು. ಅತ್ತದ್ದು ಆ ತಾಯಿನಾಯಿಗಾಗಿ. "ಅದು ಹೇಗಿತ್ತು ಅಂತಾನೂ ನೋಡ್ಲಿಲ್ಲ. ಎಷ್ಟು ಸಲ ಹೆತ್ತಿತೋ." ನೋಡದೇ ಇದ್ದ ನಾಯಿಗೆ ಅಳುವುದು ಹುಚ್ಚೇ ಎಂದು ಕೇಳಿದರು. ಖಂಡಿತ ಅಲ್ಲ ಅಂದೆ. ಆ ಅಳುವಿಗೆ ಮನೆಯಲ್ಲಿ ಜಾಗ ಸಿಕ್ಕಿರಲಿಲ್ಲ, ಅಷ್ಟೇ.

ಎರಡನೇ ಭೇಟಿಯಲ್ಲಿ ಕಾನೂನಿನ ಮಾತು ಬಂತು. 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಹೆಣ್ಣು ನಾಯಿಗೆ 18 ತಿಂಗಳಾಗುವ ಮೊದಲು ಮರಿ ಹಾಕಿಸುವಂತಿಲ್ಲ. 12 ತಿಂಗಳಲ್ಲಿ ಒಂದೇ ಸೂಲು, ಜೀವಮಾನದಲ್ಲಿ ಐದೇ. ಸಾಕಣೆ ಮಾಡುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಸುಮಾ ಇದನ್ನೆಲ್ಲ ಬರೆದುಕೊಂಡರು. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಎಂದಾಗ ಪೆನ್ನು ಕೆಳಗಿಟ್ಟರು. ನನಗೂ ಅದನ್ನು ಹೇಳುವಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಆದರೂ ದೂರು ಕೊಡಿ ಅಂದೆ. ಹಳೆಯ ಚಾಟ್, ಹಣ ಕಳಿಸಿದ ದಾಖಲೆ, ಆ ಫೋಟೋ ಎಲ್ಲ ಇಟ್ಟು ಮಂಡಳಿಗೂ ಪೊಲೀಸರಿಗೂ ಬರೆಯಿರಿ. ಒಬ್ಬರೇ ಆ ಜಾಗಕ್ಕೆ ಹೋಗಬೇಡಿ. ಮಗಳನ್ನು ಜೊತೆಗೆ ಕೂರಿಸಿಕೊಂಡು ಬರೆಯಿರಿ. ಅವಳ ಪ್ರಶ್ನೆಗೆ "ಹೌದು, ನಾನೇ ಕೊಟ್ಟೆ" ಅಂತ ನೇರವಾಗಿ ಹೇಳಿ, ಸಮಜಾಯಿಷಿ ಬೇಡ.

ಅಲ್ಲಿಂದ ಬಿಡಿಸಿದ ನಾಯಿಯೊಂದನ್ನು ತಕ್ಷಣ ಮನೆಗೆ ತರುತ್ತೇನೆ ಎಂದು ಹೊರಟಿದ್ದರು. ಈಗ ಬೇಡ ಅಂದೆ. ಪ್ರಾಯಶ್ಚಿತ್ತಕ್ಕೆಂದು ತಂದ ನಾಯಿಯನ್ನು ನೋಡಿದಾಗಲೆಲ್ಲ ತಪ್ಪೇ ಕಣ್ಣ ಮುಂದೆ ಬರುತ್ತದೆ. ಆರು ತಿಂಗಳು ಬಿಟ್ಟು, ಮನೆಯವರೆಲ್ಲ ಒಪ್ಪಿದರೆ ಯೋಚಿಸಿ.

ಚಿನ್ನಿಗೆ ತನ್ನ ಹೇಲು ತಿನ್ನುವ ಚಾಳಿ ಇತ್ತು. ಕಬ್ಬಿಣದ ಗೇಟ್ ಸದ್ದಾದರೆ ಮಂಚದ ಕೆಳಗೆ ಓಡುತ್ತಿದ್ದಳು. ಎಷ್ಟು ಬೈದಿದ್ದೆನಲ್ಲ ಎಂದು ಸುಮಾಗೆ ಈಗ ಸಂಕಟ. ಕಿರಿದಾದ ಗೂಡಿನಲ್ಲಿ ಹುಟ್ಟಿದ ಮರಿಗಳಲ್ಲಿ ಇಂಥವು ಕಾಣುತ್ತವೆ, ಆದರೆ ಎಲ್ಲದಕ್ಕೂ ಆ ಶೆಡ್ಡೇ ಕಾರಣ ಅಂದುಕೊಳ್ಳಬೇಡಿ ಅಂದೆ. ರಾಜ ಊಳಿಡುವುದು ಬೀಗಲ್ ಆಗಿರುವುದರಿಂದ. ಇಬ್ಬರನ್ನೂ ಪಶುವೈದ್ಯರಿಗೆ ಒಮ್ಮೆ ಪೂರ್ತಿ ತೋರಿಸಿ, ಎಲ್ಲಿಂದ ಬಂದವು ಎಂದು ಮುಚ್ಚಿಡದೆ ಹೇಳಿ.

ಕೊನೆಗೆ ಒಂದು ಸಣ್ಣ ಕೆಲಸ ಕೊಟ್ಟೆ. ಬೀಗಲ್‌ಗಳ ಕಿವಿ ಜೋತುಬಿದ್ದಿರುತ್ತದೆ, ಗಾಳಿ ಆಡುವುದಿಲ್ಲ, ಬೇಗ ಸೋಂಕಾಗುತ್ತದೆ. ವೈದ್ಯರು ಹೇಳಿದ ದ್ರಾವಣದಿಂದ ವಾರಕ್ಕೊಮ್ಮೆ ಅದನ್ನು ನೀವೇ ಒರೆಸಿ. ಮುದ್ದು ಮಾಡಲೇಬೇಕು ಅಂತಿಲ್ಲ. ಕಿವಿ ಒರೆಸಿದರೆ ಸಾಕು.

ನಾಲ್ಕನೇ ಭೇಟಿಗೆ ಬಂದಾಗ ಅವರ ಸೀರೆಯ ಮೇಲೆಲ್ಲ ಕಂದು ಕೂದಲು. ದೂರು ಕೊಟ್ಟಾಗಿತ್ತು, ಉತ್ತರ ಬಂದಿರಲಿಲ್ಲ. ಮೊಬೈಲ್ ಪರದೆಯ ಮೇಲೆ ಹಳೆಯ ಫೋಟೋನೇ ಇತ್ತು. ತೆಗೆಯಲಿಲ್ಲವೇ ಎಂದು ಕೇಳಿದೆ. "ಡ್ರಮ್ಮು ಕಾಣದ ಹಾಗೆ ಕತ್ತರಿಸು ಅಂದ್ಲು ಮಗಳು. ಬೇಡ, ಅದೂ ಇರ್ಲಿ ಅಂದೆ" ಅಂದರು. ಆಮೇಲೆ, ರಾಜ ಎಡಗಿವಿ ಮುಟ್ಟಿಸಿಕೊಳ್ಳಲು ಬಿಡುತ್ತಿಲ್ಲ, ಏನು ಮಾಡಲಿ ಎಂದು ಕೇಳಿದರು.