ಬಿರುಕನ್ನು ಪರಮಾಣುವಿನಿಂದ ಹಿಡಿದು ಇಡೀ ವಸ್ತುವಿನವರೆಗೆ ಒಟ್ಟಿಗೆ ಲೆಕ್ಕ ಹಾಕುವುದು ಹೇಗೆ?

ಬೆಂಗಳೂರಿನವನಾದ ನನಗೆ ಮೊದಲು ನೆನಪಾಗುವುದು ಸಿಲ್ಕ್ ಬೋರ್ಡ್ ಜಂಕ್ಷನ್. ಅಲ್ಲಿ ಯಾವ ಬೈಕ್ ಎಲ್ಲಿ ನುಗ್ಗಿತು ಅನ್ನುವುದೂ ಮುಖ್ಯ. ದೂರದ ಹೆಬ್ಬಾಳದಲ್ಲಿ ವಾಹನಗಳ ಒಟ್ಟು ಹರಿವು ಗೊತ್ತಾದರೆ ಸಾಕು (ಹೆಬ್ಬಾಳದವರು ಕ್ಷಮಿಸಿ).

ಬಿರುಕೂ ಹಾಗೇ. ತುದಿಯಲ್ಲಿ ಒತ್ತಡ ಸಿಕ್ಕಾಪಟ್ಟೆ ಜಾಸ್ತಿ. ಅಲ್ಲಿ ಮುರಿಯುವುದು ಪರಮಾಣುಗಳ ನಡುವಿನ ಬಂಧ. ಎಲ್ಲ ಪರಮಾಣುಗಳನ್ನೂ ಲೆಕ್ಕ ಹಾಕೋಣ ಅಂದರೆ ಆಗದು: 1 ಘನ ಸೆಂಟಿಮೀಟರ್ ಸಿಲಿಕಾನ್‌ನಲ್ಲೇ ಸುಮಾರು 5ರ ಮುಂದೆ 22 ಸೊನ್ನೆ ಹಾಕಿದಷ್ಟು ಇವೆ. ಅದಕ್ಕೇ ತುದಿಗೆ ಕ್ವಾಂಟಂ ಲೆಕ್ಕ (ಎಲೆಕ್ಟ್ರಾನ್‌ಗಳ ಮಟ್ಟದ್ದು), ಸುತ್ತ ನ್ಯೂಟನ್ ನಿಯಮದಂತೆ ಓಡಾಡುವ ಪರಮಾಣುಗಳು, ದೂರದಲ್ಲಿ ಫೈನೈಟ್ ಎಲಿಮೆಂಟ್ ಬಲೆ (ವಸ್ತುವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ಭಾಗಿಸಿ ಲೆಕ್ಕ ಹಾಕುವುದು). 1998ರಲ್ಲಿ ವಿಜ್ಞಾನಿ ಅಬ್ರಹಾಂ ಮತ್ತು ಸಂಗಡಿಗರು ಸಿಲಿಕಾನ್ ಬಿರುಕಿಗೆ ಮಾಡಿದ್ದು ಇದನ್ನೇ.

ನಿಜವಾದ ತಲೆನೋವು ಇರುವುದು ಪರಮಾಣುಗಳ ಭಾಗವೂ ಬಲೆಯೂ ಸೇರುವ ಗಡಿಯಲ್ಲಿ. ಬಂಧ ಮುರಿದಾಗ ಏಳುವ ಸಣ್ಣ ಅಲೆಗಳನ್ನು ದೊಡ್ಡ ಕಣ್ಣಿನ ಬಲೆ ಹಿಡಿಯಲಾರದು. ಅವು ಗಡಿಗೆ ಬಡಿದು ವಾಪಸ್ ಬರುತ್ತವೆ, ತುದಿಯ ಭಾಗ ಸುಮ್ನೆ ಬಿಸಿಯಾಗುತ್ತದೆ. ಹಾಗಾಗಿ ಗಡಿಯ ಹತ್ತಿರ ಬಲೆಯ ಕಣ್ಣನ್ನು ಪರಮಾಣುಗಳ ಅಂತರದಷ್ಟೇ ಚಿಕ್ಕದು ಮಾಡುತ್ತಾರೆ.

ಕಾಲದ ಸಮಸ್ಯೆ ಬೇರೆ. ಪರಮಾಣು ಲೆಕ್ಕದ ಒಂದು ಹೆಜ್ಜೆ ಸುಮಾರು 1 ಫೆಮ್ಟೋಸೆಕೆಂಡ್ (ಸೆಕೆಂಡನ್ನು 1ರ ಮುಂದೆ 15 ಸೊನ್ನೆ ಹಾಕಿದಷ್ಟು ಭಾಗ ಮಾಡಿದರೆ ಅದರಲ್ಲಿ ಒಂದು). ಫ್ಲೈಓವರ್‌ನ ಬಿರುಕು ಬೆಳೆಯುವುದು ವರ್ಷಗಟ್ಟಲೆ, ಅಲ್ವಾ?