ಹಾಡು ಮಾರುದಾ, ಬಾಡಿಗೆಗೆ ಕೊಡುದಾ?

ಪ್ರಶ್ನೆ: ನಾವು ನಾಲ್ಕು ಜನ, ಬದಿಯಡ್ಕದ ಹತ್ತಿರ ಒಂದು ಅಡಿಕೆ ಗೋಡೌನಲ್ಲಿ ಪ್ರಾಕ್ಟೀಸ್ ಮಾಡ್ತೇವೆ. ಮೂರು ಸ್ವಂತ ಹಾಡು, ಶರೀಫರ ಎರಡು ತತ್ವಪದ ರಾಕ್ ಮಾಡಿ ನಮ್ಮ ಖರ್ಚಲ್ಲೇ ರೆಕಾರ್ಡ್ ಮಾಡಿದ್ದೇವೆ. ಒಂದು ಆಡಿಯೋ ಕಂಪನಿಯವರು ಇಪ್ಪತ್ತು ಸಾವಿರ ಕೊಡ್ತೇವೆ, ಐದರದ್ದೂ ಎಲ್ಲಾ ಹಕ್ಕು ನಮಗೆ ಅಂತ ಹೇಳ್ತಾರೆ. ಸೈನ್ ಹಾಕುದಾ? (ಗಿಟಾರಿಸ್ಟ್, ನೀರ್ಚಾಲು)

ಉತ್ತರ: ಪೆನ್ನು ಕೆಳಗಿಡಿ ಮಾರಾಯ್ರೆ. ನಾನು ಇಂಥದ್ದೇ ಕಾಗದಕ್ಕೆ ಸೈನ್ ಹಾಕಿದವ, ಅದೂ ಒಂದು ಹೋಟ್ಲಲ್ಲಿ ಕೋರಿರೊಟ್ಟಿ ತಿನ್ತಾ ತಿನ್ತಾ, ಕೊನೇ ಪುಟದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಗಸಿ ಕಲೆ ಈಗ್ಲೂ ಉಂಟು, ಹಾಡು ಮಾತ್ರ ನನ್ನದಲ್ಲ. ಮೊನ್ನೆ ಮನೆ ಚಾವಡಿಯಲ್ಲಿ ಕೂತು ಅದನ್ನೇ ಹಾಡಿ ಯೂಟ್ಯೂಬಿಗೆ ಹಾಕಿದ್ರೆ ಕಾಪಿರೈಟ್ ಕ್ಲೇಮ್ ಬಂತು, ನನ್ನ ಹಾಡಿಗೆ ನನಗೇ! ಹೆಂಡತಿ ಇನ್ನೂ ನಗಾಡ್ತಾಳೆ.

ವಿಷಯ ಎಂತ ಅಂದ್ರೆ ಹಾಡು ಬೇರೆ, ರೆಕಾರ್ಡಿಂಗ್ ಬೇರೆ. ಸಾಹಿತ್ಯ, ಸಂಗೀತದ ಹಕ್ಕು ಮಾಡಿದವರದ್ದು, ಅವರು ಸತ್ತ ಮೇಲೂ 60 ವರ್ಷ ಇರ್ತದೆ. ರೆಕಾರ್ಡಿಂಗಿಗೆ ರಿಲೀಸಾದ ಮೇಲೆ 60 ವರ್ಷ, ಅದು ದುಡ್ಡು ಹಾಕಿ ಮಾಡಿಸಿದವರದ್ದು, ಅಂದ್ರೆ ಸದ್ಯಕ್ಕೆ ನಿಮ್ಮದೇ. ಕಂಪನಿಗೆ ರೆಕಾರ್ಡಿಂಗ್ ಒಂದನ್ನೇ, ಮೂರು ವರ್ಷಕ್ಕೆ, ಲೈಸೆನ್ಸ್ ಅಂತ ಕೊಡಿ, ಬಾಡಿಗೆಗೆ ಮನೆ ಕೊಟ್ಟ ಹಾಗೆ. ಕಾಪಿರೈಟ್ ಕಾನೂನಿಗೆ 2012ರ ತಿದ್ದುಪಡಿ ಆದ ಮೇಲೆ ಸಾಹಿತ್ಯ, ಸಂಗೀತ ಮಾಡಿದವರ ರಾಯಲ್ಟಿ ಪಾಲನ್ನು, ಅಂದ್ರೆ ಹಾಡು ಬಳಸಿದಾಗೆಲ್ಲ ಬರುವ ದುಡ್ಡಿನ ಪಾಲನ್ನು, ಕಂಪನಿಗೆ ಬರೆದುಕೊಡ್ಲಿಕ್ಕೇ ಆಗುದಿಲ್ಲ. ಕಾಗದದಲ್ಲಿ ಎಷ್ಟು ವರ್ಷ ಅಂತ ಇಲ್ಲದಿದ್ರೆ 5 ವರ್ಷ, ಎಲ್ಲಿಗೆ ಅಂತ ಇಲ್ಲದಿದ್ರೆ ಭಾರತಕ್ಕೆ ಮಾತ್ರ ಅಂತ ಕಾನೂನೇ ಹೇಳ್ತದೆ, ಹಾಗಾಗಿ 'ಶಾಶ್ವತ', 'ವಿಶ್ವದಾದ್ಯಂತ' ಅನ್ನೋ ಎರಡು ಶಬ್ದ ಎಲ್ಲಿ ಅಡಗಿ ಕೂತಿದೆ ಅಂತ ಹುಡುಕಿ. ನನ್ನದ್ರಲ್ಲಿ ಎರಡೂ ಇತ್ತು.

ಇನ್ನು ಶರೀಫರು. ಅವರು ತೀರಿಕೊಂಡದ್ದು 1889ರಲ್ಲಿ, ಪದ ಎಲ್ಲರದ್ದು. ಆದ್ರೆ ನೀವು ಹಾಡುವ ಧಾಟಿ ಯಾರದ್ದು? ಸಿ. ಅಶ್ವತ್ಥ್ ಹಾಕಿದ ಧಾಟಿ ಆದ್ರೆ, ಅವರು ಹೋದದ್ದು 2009ರಲ್ಲಿ, ಲೆಕ್ಕ 2069ರ ಕೊನೆವರೆಗೆ ಓಡ್ತದೆ. ಗಿಟಾರಿನ ಸದ್ದು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಒತ್ತಿದ ಕೂಡ್ಲೆ ಧಾಟಿ ನಿಮ್ಮದಾಗುದಿಲ್ಲ. ರಘು ದೀಕ್ಷಿತ್ 2008ರ ಮೊದಲ ಆಲ್ಬಮ್ಮಲ್ಲಿ ಶರೀಫರನ್ನು ಹಾಡಿದ್ರಲ್ಲ, ಕೇಳಿ ನೋಡಿ, ಧಾಟಿಯೇ ಬೇರೆ.

ಪ್ರಶ್ನೆ: ಬೆಂಗಳೂರಿನ ಫ್ರೆಂಡ್ ಒಬ್ಬ ನಮ್ಮ ಹಾಡಿಂದ 'ಎಂತ', 'ಉಂಟು' ತೆಗೀರಿ, ಪ್ರಾಸವೂ ಸರಿ ಇಲ್ಲ ಅಂತಾನೆ. (ಹೊಸಂಗಡಿ)

ಉತ್ತರ: ತೆಗೀಬೇಡಿ. ಪ್ರಾಸ ಬಿಟ್ಟು ಕನ್ನಡ ಪದ್ಯ ಬರೆದದ್ದೇ ನಿಮ್ಮ ಪಕ್ಕದ ಮಂಜೇಶ್ವರದ ಗೋವಿಂದ ಪೈಗಳು, 1911ರಲ್ಲಿ. ಅವರು ಬಿಟ್ಟದ್ದು ಎರಡನೇ ಅಕ್ಷರದ ಪ್ರಾಸ, ನಿಮ್ಮ ಫ್ರೆಂಡ್ ಕೇಳುದು ಸಾಲಿನ ಕೊನೆಯದ್ದು, ಆದ್ರೂ ಜಗಳಕ್ಕೆ ಸಾಕು.

ಪ್ರಶ್ನೆ: ಸ್ಪಾಟಿಫೈಯಲ್ಲಿ ನಮ್ಮ ಹಾಡು ವರ್ಷದಲ್ಲಿ 640 ಸಲ ಪ್ಲೇ ಆಗಿದೆ. ದುಡ್ಡು ಯಾವಾಗ ಬರ್ತದೆ? (ಉಪ್ಪಳ)

ಉತ್ತರ: ಬರುದಿಲ್ಲ. 2024ರಿಂದ, ಹಿಂದಿನ 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದ ಹಾಡಿನ ರೆಕಾರ್ಡಿಂಗಿಗೆ ಅವರು ರಾಯಲ್ಟಿ ಕೊಡುದಿಲ್ಲ.

ಪ್ರಶ್ನೆ: ಜಾತ್ರೆ ಸ್ಟೇಜಲ್ಲಿ ಚೆಂಡೆ ಜೊತೆ ನುಡಿಸಿದ್ರೆ ನಮ್ಮ ಗಿಟಾರ್ ಕೇಳುದೇ ಇಲ್ಲ, ಡ್ರಮ್ಮರ್ ಬೇರೆ ದಾರಿ ತಪ್ತಾನೆ. (ಕುಂಬಳೆ)

ಉತ್ತರ: ಡ್ರಮ್ಮರ್ ನಾಲ್ಕು ಎಣಿಸ್ತಿರ್ತಾನೆ, ಚೆಂಡೆ ತ್ರಿವುಡೆ ತಾಳದಲ್ಲಿ ಏಳು. ಅವನನ್ನು ಒಂದು ವಾರ ಮದ್ದಳೆಯವರ ಮನೆಗೆ ಕಳಿಸಿ, ಸ್ಟಿಕ್ ಕೊಡಬೇಡಿ, ಕೈಯಲ್ಲೇ ತಾಳ ಹಾಕ್ಲಿ. ಗಿಟಾರಿನ ಗೇನ್, ಅಂದ್ರೆ ಸದ್ದು ಒರಟು ಮಾಡುವ ತಿರುಪು, ಅರ್ಧಕ್ಕೆ ಇಳಿಸಿ, ಗೇನ್ ಜಾಸ್ತಿ ಆದಷ್ಟೂ ನುಡಿಸಿದ್ದು ಕಲಸಿಹೋಗ್ತದೆ. ಇನ್ನು ಚೆಂಡೆಗೆ ಮೈಕೇ ಬೇಡ, ಆ ಸದ್ದು ಗದ್ದೆಯಾಚೆಗೂ ಕೇಳ್ತದೆ, ಆದ್ರೆ ಮೈಕ್ ತೆಗೀರಿ ಅಂದ್ರೆ ಅವರಿಗೆ ಸಿಟ್ಟು ಬರ್ತದೆ, ಹಾಗಾಗಿ ಮೈಕ್ ಎದುರಿಗೇ ಇಡಿ, ಮಿಕ್ಸರಲ್ಲಿ ಅದರ ಸದ್ದು ಏರಿಸುವ ಫೇಡರ್ ಮಾತ್ರ ಏರಿಸ್ಬೇಡಿ.